ವಿಹಾರಕ್ಕೆಂದೇ ಹುಟ್ಟಿದ ಹಡಗು

ಹಡಗಿನ ಪ್ರಯಾಣವೆಂದರೆ ಒಂದು ಕಾಲದಲ್ಲಿ ಕಷ್ಟದ ಮಾತು. ಓಕರಿಕೆ, ಇಕ್ಕಟ್ಟು, ಬಿರುಗಾಳಿಯ ಭಯ ಇವನ್ನೆಲ್ಲ ಸಹಿಸಿಕೊಂಡು ಜನ ಹಡಗು ಹತ್ತುತ್ತಿದ್ದುದು ಆಚೆಯ ದಡವನ್ನು ಮುಟ್ಟಲೇಬೇಕಾದ ಕಾರಣಕ್ಕಾಗಿ. ವ್ಯಾಪಾರವೋ, ಉದ್ಯೋಗವೋ, ಯುದ್ಧವೋ, ಯಾತ್ರೆಯೋ ಅವರನ್ನು ಹೊರಡಿಸುತ್ತಿತ್ತು. ಹೋಗಬೇಕಾದ ಊರು ಯಾವುದೂ ಇಲ್ಲದೆ, ಹೊರಟ ಬಂದರಿಗೇ ಹಿಂದಿರುಗುವುದಕ್ಕಾಗಿ ಹಣ ತೆತ್ತು ಸಮುದ್ರಕ್ಕೆ ಇಳಿಯುವುದೆಂದರೆ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರು. ಇಂದಾದರೋ ಮಂಗಳೂರಿನ ಪಣಂಬೂರು ಬಂದರಿಗೂ ವಿಹಾರದ ಹಡಗುಗಳು ಬರುತ್ತವೆ. ಪ್ರವಾಸಿಗಳು ಇಳಿದು, ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿಕೊಂಡು, ಸಂಜೆಗೆ ಹಡಗಿಗೆ ಮರಳುತ್ತಾರೆ. ಈ ವಾಡಿಕೆ ಬೆಳೆದುದು ಹೇಗೆ? ವಿಹಾರಕ್ಕೆಂದೇ ಕಟ್ಟಿದ ಮೊದಲ ಹಡಗು ಯಾವುದು? ಅದರ ಕಥೆ ಕೇವಲ ಆರು ವರ್ಷದ್ದು. ಆದರೆ ಕೇಳತಕ್ಕ ಕಥೆ.

ಈ ಕಥೆಯ ನಾಯಕ ಆಲ್ಬರ್ಟ್ ಬಾಲಿನ್. ಈತ 1857ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಸಾಧಾರಣ ಯೆಹೂದಿ ಕುಟುಂಬವೊಂದರಲ್ಲಿ ಹುಟ್ಟಿದವನು. ಅಮೆರಿಕಕ್ಕೆ ಹೊರಟ ಬಡ ವಲಸೆಗಾರರಿಗೆ ಹಡಗಿನ ಟಿಕೆಟು ಒದಗಿಸುವುದು ತಂದೆಯ ಕಸುಬು. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡ ಬಾಲಿನ್ ಆ ವ್ಯವಹಾರವನ್ನು ಕೈಗೆತ್ತಿಕೊಂಡು ಬೆಳೆಸಿದ. 1886ರಲ್ಲಿ ಹ್ಯಾಂಬರ್ಗ್-ಅಮೆರಿಕ ಹಡಗು ಕಂಪನಿಯನ್ನು ಸೇರಿ, 1899ರ ಹೊತ್ತಿಗೆ ಅದರ ಮಹಾನಿರ್ದೇಶಕನೇ ಆದ.

ಅಟ್ಲಾಂಟಿಕ್ ಸಾಗರದ ಹಡಗುಗಳಿಗೆ ಬೇಸಗೆಯಲ್ಲಿ ಬಿಡುವಿಲ್ಲ, ಚಳಿಗಾಲದಲ್ಲಿ ಕೆಲಸವಿಲ್ಲ. ಹಿಮಗಾಳಿಯ ಆ ತಿಂಗಳುಗಳಲ್ಲಿ ಸಮುದ್ರ ದಾಟುವ ಧೈರ್ಯ ಸಾಹುಕಾರರಿಗೆ ಇರುತ್ತಿರಲಿಲ್ಲ. ಹಡಗು ಬಂದರಿನಲ್ಲಿ ಸುಮ್ಮನೆ ನಿಂತರೂ ಖರ್ಚು ನಿಲ್ಲುವುದಿಲ್ಲವಷ್ಟೆ. ಹಾಗಾದರೆ ಅದನ್ನು ಬಿಸಿಲಿರುವ ಕಡೆಗೆ ಏಕೆ ಕಳುಹಿಸಬಾರದು ಎಂದು ಬಾಲಿನ್ ಯೋಚಿಸಿದ. ಜೊತೆಯವರು ಹಾಸ್ಯ ಮಾಡಿದರೆಂದು ಹೇಳುತ್ತಾರೆ. 1891ರ ಜನವರಿ 22ರಂದು 'ಆಗಸ್ಟಾ ವಿಕ್ಟೋರಿಯ' ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಪ್ರವಾಸಿಗಳೊಡನೆ ಮೆಡಿಟರೇನಿಯನ್ ಸಮುದ್ರದ ಕಡೆಗೆ ಹೊರಟಿತು. ಬಾಲಿನ್ ಹೆಂಡತಿಯೊಡನೆ ತಾನೂ ಹೋದ. ಸುಮಾರು ಎರಡು ತಿಂಗಳ ಆ ವಿಹಾರ ಗೆದ್ದಿತು.

ಆದರೆ ಆ ಹಡಗು ಸಾಗರವನ್ನು ಬೇಗ ದಾಟಲೆಂದು ಕಟ್ಟಿದ್ದು, ನಿಧಾನವಾಗಿ ಸುತ್ತಾಡಲೆಂದಲ್ಲ. ಚಳಿಗಾಳಿಗೆ ಮುಚ್ಚಿಕೊಂಡಿರಬೇಕಾದ ಕೋಣೆಗಳು ಬಿಸಿಲುನಾಡಿನಲ್ಲಿ ಉಸಿರು ಕಟ್ಟಿಸುತ್ತವೆ. ದೊಡ್ಡ ಹಡಗಿಗೆ ಸಣ್ಣ ಬಂದರುಗಳ ಬಾಗಿಲು ತೆರೆಯುವುದೂ ಇಲ್ಲ. ಹೀಗಾಗಿ ವಿಹಾರಕ್ಕೆಂದೇ ಒಂದು ಚಿಕ್ಕ, ಚೊಕ್ಕ ಹಡಗನ್ನು ಕಟ್ಟಿಸಬೇಕೆಂದು ಬಾಲಿನ್ ನಿಶ್ಚಯಿಸಿದ. ಹ್ಯಾಂಬರ್ಗಿನ ಬ್ಲೋಮ್ ಮತ್ತು ಫಾಸ್ ಕಾರ್ಖಾನೆಯಲ್ಲಿ 1900ರ ಜೂನ್ 29ರಂದು ಅದು ನೀರಿಗಿಳಿಯಿತು. ಜರ್ಮನ್ ಚಕ್ರವರ್ತಿಯ ಏಕಮಾತ್ರ ಪುತ್ರಿಯ ಹೆಸರನ್ನು ಅದಕ್ಕಿಟ್ಟರು: 'ಪ್ರಿನ್ಸೆಸಿನ್ ವಿಕ್ಟೋರಿಯ ಲೂಯಿಸೆ', ಅಂದರೆ ರಾಜಕುಮಾರಿ ವಿಕ್ಟೋರಿಯ ಲೂಯಿಸೆ.

ಬನ್ನಿ, ಈ ಹಡಗನ್ನು ಒಮ್ಮೆ ಸುತ್ತಿ ನೋಡೋಣ. ದೂರದಿಂದ ನೋಡಿದರೆ ಇದು ಬಾಡಿಗೆಯ ಹಡಗೆಂದು ಯಾರೂ ಹೇಳರು. ಯಾವನೋ ಅರಸನ ಸ್ವಂತ ನೌಕೆಯೆಂದೇ ತಿಳಿಯುವರು. ಬಿಳಿಯ ಮೈ, ಎರಡು ಹೊಗೆಕೊಳವೆ, ಹಾಯಿಹಡಗಿನದರಂತೆ ಮುಂಚಾಚಿದ ಚೂಪು ಮೂತಿ. ಉದ್ದ ಸುಮಾರು 124 ಮೀಟರು, ಗಾತ್ರದ ಲೆಕ್ಕ 4,409 ಟನ್ನು. ಇಂದಿನ ವಿಹಾರದ ಹಡಗುಗಳಲ್ಲಿ ದೊಡ್ಡವು ಎರಡು ಲಕ್ಷ ಟನ್ನನ್ನೂ ಮೀರುತ್ತವೆ. ಅವುಗಳ ಪಕ್ಕದಲ್ಲಿ ಇದು ಆನೆಯ ಪಕ್ಕದ ಮೊಲ. ಆದರೂ ಚಕ್ರವರ್ತಿಯ ಸ್ವಂತ ನೌಕೆ 'ಹೋಹೆನ್‌ಜೋಲೆರ್ನ್'ಗಿಂತ ಇದು ಸ್ವಲ್ಪ ಉದ್ದವಾಗಿತ್ತು. ಅದರಿಂದ ಚಕ್ರವರ್ತಿಗೆ ಒಳಗೊಳಗೇ ಅಸಮಾಧಾನವಾಯಿತೆಂದು ಒಂದು ಕಥೆಯಿದೆ.

ಒಳಗೆ ಹೋದರೆ ಪ್ರಯಾಣಿಕರಿಗೆ 120 ಕೋಣೆಗಳು. ಎಲ್ಲವೂ ಮೊದಲನೆಯ ದರ್ಜೆ. ಎರಡನೆಯ ದರ್ಜೆಯಿಲ್ಲ, ಮೂರನೆಯದಂತೂ ಇಲ್ಲವೇ ಇಲ್ಲ. ಓದುವವರಿಗೆ ಪುಸ್ತಕ ಭಂಡಾರ, ಮೈ ದಂಡಿಸುವವರಿಗೆ ವ್ಯಾಯಾಮಶಾಲೆ, ಕುಣಿಯುವವರಿಗೆ ನೃತ್ಯಶಾಲೆ, ನೋಡುವವರಿಗೆ ಚಿತ್ರಶಾಲೆ. ಎಲ್ಲಕ್ಕಿಂತ ವಿನೋದವಾದದ್ದು ಒಂದು ಕತ್ತಲೆ ಕೋಣೆ: ಪ್ರವಾಸಿಗಳು ತಾವು ತೆಗೆದ ಛಾಯಾಚಿತ್ರಗಳನ್ನು ಅಲ್ಲೇ ತೊಳೆದು ನೋಡಬಹುದಾಗಿತ್ತು. ಒಂದು ಡಾಲರಿಗೆ ಕೈ ಕ್ಯಾಮೆರಾ ಮಾರಾಟಕ್ಕೆ ಬಂದುದೂ ಅದೇ 1900ರಲ್ಲಿ. ನೋಡಿದ ಊರಿಗಿಂತ ಹಿಡಿದ ಚಿತ್ರವೇ ಮುಖ್ಯವೆನ್ನುವ ಪ್ರವಾಸಿಯನ್ನು ಬಾಲಿನ್ ಆಗಲೇ ಗುರುತಿಸಿದ್ದನೆನ್ನಬೇಕು.

ನಾವು ಇನ್ನೂ ಕೆಳಕ್ಕಿಳಿಯೋಣ. ನೃತ್ಯಶಾಲೆಯ ಬಹಳ ಕೆಳಗೆ, ಬಾಯ್ಲರುಗಳ ಮುಂದೆ, ಹಗಲಿರುಳೂ ಸರದಿಯ ಮೇಲೆ ಕಲ್ಲಿದ್ದಲು ತುಂಬುವ ಆಳುಗಳಿದ್ದಾರೆ. ಮೇಲಿನವರಿಗೆ ತಂಗಾಳಿ, ಇವರಿಗೆ ಬೆಂಕಿಯ ಬಾಯಿ. ಇನ್ನೊಂದು ಮಾತನ್ನೂ ನೆನೆಯಬೇಕು. ಈ ಕಂಪನಿಯನ್ನು ಬೆಳೆಸಿದವರಲ್ಲಿ ಮೂರನೆಯ ದರ್ಜೆಯಲ್ಲಿ ಕುರಿಗಳಂತೆ ತುಂಬಿಕೊಂಡು ಅಮೆರಿಕಕ್ಕೆ ಹೋದ ಪೂರ್ವ ಯೂರೋಪಿನ ಬಡವರ ಪಾಲು ದೊಡ್ಡದು. 1892ರಲ್ಲಿ ಹ್ಯಾಂಬರ್ಗಿನಲ್ಲಿ ಕಾಲರಾ ಹಬ್ಬಿ ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತಾಗ, ಊರವರು ಬೆರಳು ತೋರಿಸಿದ್ದು ಆ ವಲಸೆಗಾರರ ಕಡೆಗೆ. ಬಾಲಿನ್ ಅವರಿಗಾಗಿ ಫೆಡ್ಡೆಲ್ ಎಂಬ ದ್ವೀಪದಲ್ಲಿ ವಸತಿಗೃಹಗಳನ್ನು ಕಟ್ಟಿಸಿದ. ಅವು ತೆರೆದದ್ದು 1901ರಲ್ಲಿ. ಅದೇ ವರ್ಷದ ಜನವರಿಯಲ್ಲಿ ರಾಜಕುಮಾರಿ ತನ್ನ ಮೊದಲ ಪ್ರಯಾಣ ಹೊರಟಿದ್ದಳು. ಒಂದು ಕೈಯಿಂದ ಊರು ಬಿಟ್ಟವರನ್ನು ಸಾಗಿಸುತ್ತ, ಇನ್ನೊಂದು ಕೈಯಿಂದ ಊರಲ್ಲಿ ಬೇಸರಗೊಂಡವರನ್ನು ಸುತ್ತಾಡಿಸುತ್ತ ಕಂಪನಿ ಬೆಳೆಯಿತು.

ವೆಸ್ಟ್ ಇಂಡೀಸ್ ದ್ವೀಪಗಳು, ಮೆಡಿಟರೇನಿಯನ್ ತೀರ ಮೊದಲಾದ ಕಡೆಗಳಲ್ಲಿ ಈ ಹಡಗು ಸುತ್ತಾಡಿತು. 1906ರ ಡಿಸೆಂಬರ್ 12ರಂದು ನ್ಯೂಯಾರ್ಕಿನಿಂದ ಹೊರಟು, 16ರ ರಾತ್ರಿ ಜಮೈಕದ ಕಿಂಗ್‌ಸ್ಟನ್ ಬಂದರನ್ನು ಸಮೀಪಿಸಿತು. ಆ ಬಂದರಿನ ಮುಂದೆ ಉದ್ದನೆಯ ಮರಳುನಾಲಿಗೆಯೊಂದು ಸಮುದ್ರಕ್ಕೆ ಚಾಚಿಕೊಂಡಿದೆ. ಅದರ ತುದಿಯಲ್ಲಿ ಪೋರ್ಟ್ ರಾಯಲ್. 1692ರ ಭೂಕಂಪದಲ್ಲಿ ಬಹುಪಾಲು ಸಮುದ್ರಪಾಲಾದ ಊರು. ನಾಲಿಗೆಯ ನಡುವೆ ಪ್ಲಂಬ್ ಪಾಯಿಂಟಿನಲ್ಲಿ ಒಂದು ದೀಪಸ್ತಂಭ. ಅನ್ಯ ಬಂದರನ್ನು ಕತ್ತಲಲ್ಲಿ ಹೊಗುವಾಗ ಅಲ್ಲಿಯ ಪೈಲಟನಿಗೆ ಕಾಯುವುದು ನಾವಿಕರ ರೂಢಿ. ಕಪ್ತಾನ ಬ್ರುನ್ಸ್‌ವಿಗ್ ಕಾಯಲಿಲ್ಲ. ಪ್ಲಂಬ್ ಪಾಯಿಂಟಿನ ದೀಪವನ್ನು ಪೋರ್ಟ್ ರಾಯಲಿನ ತುದಿಯ ದೀಪವೆಂದು ಭ್ರಮಿಸಿ ಹಡಗನ್ನು ತಿರುಗಿಸಿದ. ಎದುರಿಗೆ ಸಿಕ್ಕಿದ್ದು ಬಂದರಿನ ದಾರಿಯಲ್ಲ, ಬಂಡೆ.

ಹಡಗು ಗಟ್ಟಿಯಾಗಿ ಸಿಕ್ಕಿಕೊಂಡಿತು. ಕಪ್ತಾನ ತನ್ನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಪ್ರಾಣ ತೆಗೆದುಕೊಂಡ. ಉಳಿದ ಅಧಿಕಾರಿಗಳು ಪ್ರವಾಸಿಗಳಿಗೆ ಧೈರ್ಯ ಹೇಳಿ, ಬೆಳಗಾದ ಮೇಲೆ ದೋಣಿಗಳಲ್ಲಿ ದಡ ಸೇರಿಸಿದರು. ಒಬ್ಬ ಪ್ರಯಾಣಿಕನಿಗೂ ಜೀವಹಾನಿಯಾಗಲಿಲ್ಲ. ಅಂಥ ಹೊತ್ತಿನಲ್ಲಿ ಹಡಗಿಗೆ ಬೇಕಾದದ್ದು ಪ್ರಾಯಶ್ಚಿತ್ತವಲ್ಲ, ಕೆಲಸ. ಆ ಕೆಲಸವನ್ನು ಕಪ್ತಾನನ ಕೈಕೆಳಗಿನವರು ಮಾಡಿದರು. ಬಿಳಿಯ ರಾಜಕುಮಾರಿಯನ್ನು ಮಾತ್ರ ಅಲೆಗಳು ಅಲ್ಲೇ ಮುರಿದು ಹಾಕಿದವು. ತಿಂಗಳು ತುಂಬುವ ಮೊದಲೇ, 1907ರ ಜನವರಿ 14ರಂದು, ಕಿಂಗ್‌ಸ್ಟನ್ ನಗರವೇ ಭೂಕಂಪಕ್ಕೆ ಸಿಕ್ಕಿ, ನೂರಾರು ಜನ ಸತ್ತರು. ಆ ದುಃಖದ ಮುಂದೆ ಹಡಗಿನ ಮಾತು ಚಿಕ್ಕದಾಯಿತು.

ಬಾಲಿನ್ ವಿಹಾರದ ವ್ಯಾಪಾರವನ್ನು ಬಿಡಲಿಲ್ಲ. 'ಡಾಯ್ಚ್‌ಲಾಂಟ್' ಎಂಬ ವೇಗದ ಹಡಗನ್ನು ಮಾರ್ಪಡಿಸಿ, 1911ರಲ್ಲಿ ಅದೇ ರಾಜಕುಮಾರಿಯ ಹೆಸರಿನಲ್ಲಿ ವಿಹಾರಕ್ಕೆ ಬಿಟ್ಟ. ಮೂರು ವರ್ಷದಲ್ಲಿ ಮಹಾಯುದ್ಧ ಬಂದಿತು. ಜರ್ಮನಿ ಸೋತು ಚಕ್ರವರ್ತಿ ಸಿಂಹಾಸನವನ್ನು ಕಳೆದುಕೊಂಡ 1918ರ ನವೆಂಬರ್ 9ರಂದೇ, ನಿದ್ರೆಯ ಔಷಧವನ್ನು ಅತಿಯಾಗಿ ನುಂಗಿ ಬಾಲಿನ್ ತೀರಿಕೊಂಡ. ಬದುಕೆಲ್ಲ ಕಟ್ಟಿದ ಹಡಗುಗಳ ಸಾಲು ಕಣ್ಣೆದುರಿಗೇ ಕೈಬಿಟ್ಟು ಹೋಗುತ್ತಿತ್ತು.

ಹಡಗು ಒಡೆಯಿತು, ಕಟ್ಟಿಸಿದವನೂ ಹೋದ, ವಾಡಿಕೆ ಉಳಿಯಿತು. ಇಂದು ವಿಹಾರದ ಹಡಗು ಹತ್ತುವವರು ತಮಗರಿಯದೆಯೇ ಆ ಚಿಕ್ಕ ಬಿಳಿಯ ಹಡಗಿನ ಪ್ರಯಾಣಿಕರಾಗಿದ್ದಾರೆ. ಎಷ್ಟು ದೊಡ್ಡ ಹಡಗೇ ಆಗಲಿ, ಅದರ ಸುಖವೆಲ್ಲ ನಿಂತಿರುವುದು ಕೆಳಗೆ ದುಡಿಯುವವರ ತೋಳಿನ ಮೇಲೆ, ಮತ್ತು ಕತ್ತಲಲ್ಲಿ ದೀಪ ಯಾವುದೆಂದು ಸರಿಯಾಗಿ ಗುರುತಿಸುವ ಕಣ್ಣಿನ ಮೇಲೆ.