ಗೇರುಬೀಜದ ಪೋಕರ್

ನಮ್ಮ ಹೊನ್ನಾವರದ ಕಡೆ ಇಸ್ಪೀಟು ಅಂದ್ರೆ ಅಂದರ್-ಬಾಹರ್, ಬೆನ್ನಿಗೇ ಪೊಲೀಸ್ ಜೀಪು. ಹಾಗಾಗಿ ತಂಗಿಯ ಮಗ ಗೋವಾದ ದೊಡ್ಡ ಪೋಕರ್ ಟೂರ್ನಿಗೆ ಹೊರಟಾಗ ಮನೇಲಿ ಸೂತಕದ ಕಳೆ.

ಕಾನೂನೂ ಈ ವಿಷಯದಲ್ಲಿ ಬಹಳ ತಡವರಿಸಿದೆ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯಲ್ಲಿ ಅದೃಷ್ಟಕ್ಕಿಂತ ಕೌಶಲವೇ ಮುಖ್ಯ ಎಂದಿತು. ಪೋಕರಿಗೆ ನಮ್ಮ ಹೈಕೋರ್ಟಿಂದ ಅಂಥ ಮಾತು ಸಿಕ್ಕಿದ್ದು 2013ರಲ್ಲಿ. 2021ರಲ್ಲಿ ರಾಜ್ಯ ಸರ್ಕಾರ ಹಣ ಕಟ್ಟೋ ಆನ್‌ಲೈನ್ ಆಟ ನಿಷೇಧಿಸಿತು. ಮರುವರ್ಷ ಹೈಕೋರ್ಟು ಅದನ್ನು ಹೊಡೆದುಹಾಕಿತು. 2025ರಲ್ಲಿ ಕೇಂದ್ರವೇ ಕಾಯ್ದೆ ತಂದು ಬಾಗಿಲು ಹಾಕಿತು. ಫೋನಿನಲ್ಲಿ ಕಲಿತ ಹುಡುಗರಿಗೆ ಉಳಿದದ್ದು ಎದುರುಬದುರು ಕೂತು ಆಡೋ ಮೇಜು. ನಮಗೆ ಹತ್ತಿರದ್ದು ಗೋವಾ. ಅಲ್ಲಿ 1996ರ ತಿದ್ದುಪಡಿಯಿಂದ ಹಡಗಿನ ಮೇಲೂ ಕ್ಯಾಸಿನೊ ನಡೆಸಬಹುದು.

ಜಗಲಿಯಲ್ಲಿ ಗೇರುಬೀಜ ರಾಶಿ ಹಾಕ್ಕೊಂಡು ಇವನ ತಯಾರಿ. ಬ್ಲೈಂಡ್, ಅಂದರೆ ಎಲೆ ನೋಡೋ ಮೊದಲೇ ಸರದಿಯಂತೆ ಕಟ್ಟೋ ಪಣ, ಹೊತ್ತು ಹೋದಂತೆ ಏರುತ್ತದೆ. ಸುಮ್ಮನೆ ಕೂತವನ ರಾಶಿಯೂ ಕರಗುತ್ತದೆ. ಫೋನಿನಲ್ಲಿ ಯಾರಿಗೂ ಕಾಣದ ಕೈನಡುಕ ಮೇಜಿನಲ್ಲಿ ಎಲ್ಲರಿಗೂ ಕಾಣುತ್ತದೆ.

“ಸೋತ್ರೆ ಎಷ್ಟು ಹೋಗ್ತದೆ?” ಕೇಳಿದೆ.

“ಪ್ರವೇಶ ಶುಲ್ಕ ಮಾತ್ರ, ಮಾವ.”

“ಮತ್ತೆ ಕಟ್ಟಿ ಕೂರ್ಲಿಕ್ಕೆ ಬಿಡ್ತಾರಾ?”

ಹುಡುಗ ಬೀಜ ಎಣಿಸತೊಡಗಿದ.