ಅಕ್ಕಡಿ ಸಾಲಿನ ಬೇರಿನಲ್ಲಿದ್ದ ಗೊಬ್ಬರ

ಹಳೇ ಮೈಸೂರು ಕಡೆ ರಾಗಿ ಬಿತ್ತಿದರೆ ನಡುನಡುವೆ ಅಕ್ಕಡಿ ಸಾಲು ಇರುತ್ತಿತ್ತು. ಅವರೆ, ತೊಗರಿ, ಅಲಸಂದೆ. ಸಾರಿಗೆ ಕಾಳು, ದನಕ್ಕೆ ಮೇವು. ಕಾಳು ಬೆಳೆದ ನೆಲಕ್ಕೆ ಕಸುವು ಬರುತ್ತದೆ ಎಂಬುದು ಹಿರಿಯರಿಗೆ ಗೊತ್ತಿತ್ತು. ಯಾಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1886ರಲ್ಲಿ, ದೂರದ ಜರ್ಮನಿಯಲ್ಲಿ.

ಬೆಳೆಗೆ ಸಾರಜನಕ ಬೇಕೇ ಬೇಕು. ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ ಇದ್ದರೂ ಗಿಡ ತಾನಾಗಿ ಅದನ್ನು ಹೀರಿಕೊಳ್ಳಲಾರದು. ಹರ್ಮನ್ ಹೆಲ್‌ರೀಗಲ್ ಮತ್ತು ಹರ್ಮನ್ ವಿಲ್ಫಾರ್ತ್ ಮರಳು ತುಂಬಿದ ಕುಂಡಗಳಲ್ಲಿ ಓಟ್ಸ್ ಮತ್ತು ಬಟಾಣಿ ಬೆಳೆಸಿ ನೋಡಿದರು. ಸಾರಜನಕ ಕೊಡದಿದ್ದಾಗ ಓಟ್ಸ್ ಸೊರಗಿತು. ಸೂಕ್ಷ್ಮಜೀವಿಗಳು ಸಾಯುವಂತೆ ಕಾಯಿಸಿದ ಮರಳಿನಲ್ಲಿ ಬಟಾಣಿಯೂ ಸೊರಗಿತು. ಅದಕ್ಕೆ ಹೊಲದ ಮಣ್ಣು ಕದಡಿದ ನೀರು ಸ್ವಲ್ಪ ಹಾಕಿದರೆ ಬಟಾಣಿ ಹುಲುಸಾಗಿ ಬೆಳೆಯಿತು, ಬೇರಿನಲ್ಲಿ ಗಂಟು ಕಟ್ಟಿತು. 1888ರಲ್ಲಿ ಹಾಲೆಂಡಿನ ಮಾರ್ಟಿನಸ್ ಬೈಯರಿಂಕ್ ಆ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದೇ ಇಂದಿನ ರೈಜೋಬಿಯಂ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಗಿಡಕ್ಕೆ ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ. ಬೇರು, ಉದುರಿದ ಎಲೆ ಕೊಳೆತ ಮೇಲೆ ಮುಂದಿನ ಬೆಳೆಗೂ ಪಾಲು.

1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡಿ ತೋರಿಸಿದರು. 1913ಕ್ಕೆ ಅಲ್ಲೇ ಕಾರ್ಖಾನೆ ಶುರುವಾಯಿತು. 1970ರ ದಶಕದ ಹೊತ್ತಿಗೆ ನಮ್ಮ ಮಂಗಳೂರಿನ ಪಣಂಬೂರಿನಲ್ಲೂ ಯೂರಿಯಾ ತಯಾರಾಗತೊಡಗಿತು. ಹಸಿವು ನೀಗಿದ್ದರಲ್ಲಿ ಆ ಚೀಲದ ಪಾಲು ದೊಡ್ಡದು, ಇಲ್ಲವೆನ್ನುವಂತಿಲ್ಲ.

ಆದರೆ ನೆಲದೊಳಗಿನ ಲೆಕ್ಕ ಬದಲಾಯಿತು. ಮಣ್ಣಿನಲ್ಲಿ ಸಾರಜನಕ ಧಾರಾಳವಾಗಿದ್ದರೆ ಕಾಳಿನ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಪುಕ್ಕಟೆ ಸಿಗುವಾಗ ಸಕ್ಕರೆ ಕೊಟ್ಟು ಯಾಕೆ ಕೊಳ್ಳಬೇಕು? ಬೆಳೆ ತಿಂದು ಉಳಿದ ಯೂರಿಯಾವನ್ನು ಮಣ್ಣಿನ ಬೇರೆ ಸೂಕ್ಷ್ಮಜೀವಿಗಳು ನೈಟ್ರೇಟ್ ಮಾಡುತ್ತವೆ. ಅದು ಮಳೆ ನೀರಿನ ಜೊತೆ ಇಳಿದು ಬಾವಿ, ಬೋರ್‌ವೆಲ್ ಸೇರಬಲ್ಲದು. ಒಂದಿಷ್ಟು ಅನಿಲವಾಗಿ ಗಾಳಿಗೆ ಹೋಗುತ್ತದೆ. ದುಡ್ಡು ಕೊಟ್ಟು ತಂದದ್ದು ಹೀಗೆ ಕೈತಪ್ಪುತ್ತದೆ.

ಯೂರಿಯಾ ಪೂರ್ತಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಒಂದು ಕೆಲಸ ಮಾಡಿ. ಅಲಸಂದೆ ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಕಿತ್ತೆಳೆಯದೆ, ಮಣ್ಣು ಸಮೇತ ಅಗೆದು ತೊಳೆಯಿರಿ. ಬೇರಿನ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಕೆಂಪಗಿದ್ದರೆ ಗೊಬ್ಬರ ಅಲ್ಲೇ ತಯಾರಾಗುತ್ತಿದೆ. ಗಂಟೇ ಇಲ್ಲದಿದ್ದರೆ ನಿಮ್ಮ ಹೊಲ ಅಂಗಡಿಯ ಚೀಲವನ್ನೇ ನಂಬಿ ಕೂತಿದೆ ಎಂದು ತಿಳಿಯಿರಿ. ಮುಂದಿನ ಬಿತ್ತನೆಗೆ ಅಕ್ಕಡಿ ಸಾಲಿನ ಬೀಜ ಈಗಲೇ ಎತ್ತಿಡಿ.