ಮುಲುಂಡ್ ಬೆಟ್ಟದ ಬೆನ್ನಿಗೆ ಅಮೋಘವರ್ಷ

ಮುಲುಂಡ್ ಎಂದರೆ ಮುಂಬಯಿಯ ಅಂಚು. ಸೆಂಟ್ರಲ್ ಲೈನಿನಲ್ಲಿ ಮಹಾನಗರಪಾಲಿಕೆಯ ಗಡಿ ಇಲ್ಲಿಗೆ ಮುಗಿಯುತ್ತದೆ, ಮುಂದಿನ ನಿಲ್ದಾಣ ಠಾಣೆ. 2017ರಲ್ಲಿ ಜಿಎಸ್‌ಟಿ ಬರುವವರೆಗೂ ಚೆಕ್‌ನಾಕಾದಲ್ಲಿ ಲಾರಿಗಳು ಜಕಾತಿ ಕಟ್ಟಲು ಸಾಲುಗಟ್ಟುತ್ತಿದ್ದವು. ಕೆಲಸಕ್ಕೆ ಹೋಗಿ ಬರುವ ಇಂಥ ಊರಿಗೂ ಚರಿತ್ರೆ ಇದೆಯೇ ಎಂದು ನಮ್ಮವರೇ ಕೇಳುತ್ತಾರೆ. ರಜೆಯ ದಿನ ನೆಂಟರಂತೆ ಒಮ್ಮೆ ಸುತ್ತಿ ನೋಡಬೇಕು.

ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಇಳಿದು ಪಾಂಚ್ ರಸ್ತಾದ ಕಡೆ ನಡೆದರೆ, ಬೀದಿಗಳು ಚದುರಂಗದ ಮಣೆಯಂತೆ ಒಂದನ್ನೊಂದು ನೇರವಾಗಿ ಕತ್ತರಿಸುವುದು ಕಾಣುತ್ತದೆ. ಇದು 1922ರಲ್ಲಿ ಕ್ರೌನ್ ಅಂಡ್ ಕಾರ್ಟರ್ ಎಂಬ ವಾಸ್ತುಶಿಲ್ಪಿಗಳು ಹಾಕಿಕೊಟ್ಟ ನಕ್ಷೆ. ಆಗ ಇದು ಮುಂಬಯಿಗೆ ಸೇರಿರಲಿಲ್ಲ. ಬೃಹನ್ಮುಂಬಯಿಯ ತೆಕ್ಕೆಗೆ ಬಂದದ್ದು 1957ರಲ್ಲಿ. ಅದಕ್ಕೂ ಬಹಳ ಹಿಂದೆ, 1853ರ ಏಪ್ರಿಲ್ 16ರಂದು, ಬೋರಿಬಂದರಿನಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಈ ನೆಲವನ್ನು ಹಾದೇ ಹೋಗಿತ್ತು.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ತಲೆ ಎತ್ತಿ ಪಶ್ಚಿಮದ ಬೆಟ್ಟಸಾಲನ್ನು ನೋಡಬೇಕು. ಅದರಾಚೆಯ ಕಾಡಿನಲ್ಲಿ ಕಾನ್ಹೇರಿ ಇದೆ. ಶಾಸನಗಳು ಅದನ್ನು ಕೃಷ್ಣಗಿರಿ ಎಂದು ಕರೆಯುತ್ತವೆ. ನೇರ ಗೆರೆ ಎಳೆದರೆ ಕೆಲವೇ ಕಿಲೋಮೀಟರು. ನಡುವೆ ಕಾಡಿರುವುದರಿಂದ ಬೊರಿವಲಿಗೆ ಸುತ್ತಿ ಹೋಗಬೇಕು. ಕಪ್ಪು ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು ಅಲ್ಲಿವೆ.

ಅವುಗಳಲ್ಲಿರುವ 9ನೇ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಒಂದರ ಕಾಲ ಶಕ 799, ಅಂದರೆ ಕ್ರಿ.ಶ. 877-78. ಕಲಬುರಗಿ ಸೀಮೆಯ ಮಳಖೇಡದಿಂದ ಆಳಿದ, ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ಆ ನೃಪತುಂಗನೇ ಈತ. ಅವನ ಅಧೀನದಲ್ಲಿ ಕೊಂಕಣವನ್ನು ನೋಡಿಕೊಂಡವರು ಶಿಲಾಹಾರರಾದ ಪುಲ್ಲಶಕ್ತಿ ಮತ್ತು ಕಪರ್ದಿ. ಮುಂದೆ ಠಾಣೆಯಲ್ಲಿ, ಅಂದಿನ ಸ್ಥಾನಕದಲ್ಲಿ, ಇದೇ ಮನೆತನ ಆಳಿತು. ಅವರ ಶಾಸನಗಳು ಸಂಸ್ಕೃತದಲ್ಲಿದ್ದರೂ ಬಿರುದುಗಳ ನಡುವೆ ‘ಮಲಗಲಗಂಡ’ದಂಥ ಕನ್ನಡದ ಮಾತು ನುಸುಳುತ್ತದೆ.

ಇಷ್ಟು ತಿಳಿದ ಕೂಡಲೇ ‘ಇದು ನಮ್ಮದೇ ನೆಲ’ ಎಂದು ಎದೆ ತಟ್ಟಿಕೊಳ್ಳುವ ಆಸೆಯಾಗುತ್ತದೆ. ಹೊರಗಿನವರು ಎಂಬ ಮಾತನ್ನು ಕೇಳಿ ಬೆಳೆದವರಿಗೆ ಆ ಆಸೆ ಸಹಜ. ಆದರೆ ಶಾಸನವನ್ನು ಪೂರ್ತಿ ಓದಬೇಕು. ಒಂದರಲ್ಲಿ ಭಿಕ್ಷುಗಳ ವಸತಿಗೂ ಬಟ್ಟೆಗೂ ದ್ರಮ್ಮಗಳನ್ನು ಕೊಟ್ಟವನು ಗೌಡದೇಶದವನು, ಅಂದರೆ ಬಂಗಾಳದ ಕಡೆಯವನು. ಜೈನರಿಗೆ ಆಶ್ರಯವಿತ್ತ ದೊರೆಯ ಕಾಲ, ಬೌದ್ಧರ ವಿಹಾರ, ಸಂಸ್ಕೃತದ ಬರಹ. ಇನ್ನೊಂದು ಗುಹೆಯಲ್ಲಿ, 1009ರಲ್ಲೂ 1021ರಲ್ಲೂ ಬೆಟ್ಟ ಹತ್ತಿದ ಪಾರಸಿಗಳು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರು ಕೊರೆದಿದ್ದಾರೆ. ಜಾಗ ಯಾರದೆಂಬ ತಕರಾರು ಅವರದಲ್ಲ. ಯಾರು ಬಂದೆವು, ಯಾವಾಗ ಬಂದೆವು ಎಂಬುದಷ್ಟೇ ಅವರ ಬರಹ.

ಊರು ಬಿಟ್ಟು ಬಂದ ನಮಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ? ಮುಲುಂಡಿನಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡವೆಂದರೆ ಬೇಸಗೆ ರಜೆಯಲ್ಲಿ ಅಜ್ಜಿ ಮನೆಯಲ್ಲಿ ಕೇಳುವ ಮಾತು. ತಮ್ಮ ಕಿಟಕಿಗೆ ಕಾಣುವ ಬೆಟ್ಟದ ಬೆನ್ನಿಗೇ ಮಳಖೇಡದ ದೊರೆಯ ಹೆಸರಿದೆ ಎಂದು ಅವರಿಗೆ ತಿಳಿಯಲಿ. ಪಕ್ಕದಲ್ಲೇ ಬಂಗಾಳದವನ, ಪರ್ಷಿಯಾ ಮೂಲದವರ ಹೆಸರೂ ಇವೆ ಎಂದು ಅದೇ ಉಸಿರಿನಲ್ಲಿ ಹೇಳೋಣ. ಮಳೆ ನಿಂತ ಮೇಲೆ ಕರೆದುಕೊಂಡು ಹೋಗಿ. ಸೋಮವಾರ ಉದ್ಯಾನಕ್ಕೆ ರಜೆ, ಅದೊಂದು ನೆನಪಿರಲಿ.